ವಿರೋಧ ಪಕ್ಷ ಏಳನೇ ಪುಟದಲ್ಲಿತ್ತು

ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಇಂಗ್ಲಿಷಿನಲ್ಲಿರುವ ಹೆಸರು ಹೇಳಿದರೂ ಯಾರಿಗೂ ಅರ್ಥವಾಗುವುದಿಲ್ಲ. ಶಿಕಾಗೋ ಹೊರವಲಯದ ಅರೋರಾದ ದೇವಸ್ಥಾನದಲ್ಲಿ ಪುಳಿಯೋಗರೆಯ ಸಾಲಿನಲ್ಲಿ ನಿಂತಾಗ ಯಾರಾದರೂ ಹೊಸಬರು, "ನೀವೆಲ್ಲಿ ವರ್ಕ್ ಮಾಡೋದು ಆಂಟಿ?" ಎಂದು ಕೇಳಿದರೆ, "ಒಂದು ಲಾಯರ್ ಆಫೀಸಲ್ಲಿ ಪೇಪರ್ ಓದ್ತೀನಿ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ತಮಾಷೆ ಮಾಡುತ್ತಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಕಾನೂನು ಓದಿ ಬಂದ ಒಂದಿಬ್ಬರು ಹೆಣ್ಣುಮಕ್ಕಳು, ಈ ಕೆಲಸಕ್ಕೆ ಸೇರುವ ಮುಂಚೆ ಅದು ಹೇಗಿರುತ್ತದೆಂದು ಕೇಳಲು ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಕಾಫಿ ಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ನಿವೃತ್ತಿಯ ದಿನ ಯಾವ ಫಲಕ ಕೊಟ್ಟರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಫಲಕವನ್ನು ಮನಿಪ್ಲಾಂಟ್ ಕುಂಡದ ಕೆಳಗೆ ಇಟ್ಟಿದ್ದೇನೆ, ಕಾರ್ಪೆಟ್‌ಗೆ ನೀರು ಇಳಿಯದಿರಲಿ ಎಂದು.

ನಮ್ಮದು ಶಿಕಾಗೋದ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದ ಸಣ್ಣ ಕಾನೂನು ನೆರವಿನ ಕಚೇರಿ. ತಮ್ಮ ದೇಶದಲ್ಲಿ ಇರಲಾಗದೆ ಓಡಿಬಂದವರು ಇಲ್ಲಿ ಆಶ್ರಯ ಕೋರಿ ಅರ್ಜಿ ಹಾಕುತ್ತಾರೆ. "ನನಗೆ ಹೀಗಾಯಿತು" ಎಂದು ಅವರು ಹೇಳಿದರೆ ಸಾಲದು. ಆ ದೇಶದಲ್ಲಿ ಇಂಥದ್ದು ನಡೆಯುತ್ತದೆ ಎಂದು ನ್ಯಾಯಾಧೀಶರಿಗೆ ಕಾಗದದಲ್ಲಿ ತೋರಿಸಬೇಕು. ಆ ಕಾಗದ ಹುಡುಕುವವಳು ನಾನು. ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿದ್ದು ಹೀಗೆ ಉಪಯೋಗಕ್ಕೆ ಬಂತು.

ಕಚೇರಿಯ ಮುಖ್ಯಸ್ಥರು ಪಾಟೀಲರು, ಧಾರವಾಡದವರು. ಎತ್ತರದ ಮನುಷ್ಯ, ದನಿಯೂ ಎತ್ತರ. ಮೊದಲ ವರ್ಷವೇ ನಾನು ಅವರಿಂದ ಒಂದು ಮಾತು ಕೇಳಿಸಿಕೊಂಡೆ. ಒಂದು ಮೊಕದ್ದಮೆಗೆ ಒಂದು ದೇಶದ ಬಗ್ಗೆ ಸಿಕ್ಕ ವರದಿಗಳನ್ನೆಲ್ಲ ಸೇರಿಸಿ ತಲೆದಿಂಬಿನಷ್ಟು ದಪ್ಪದ ಕಡತ ಮಾಡಿಕೊಟ್ಟಿದ್ದೆ. ನನ್ನ ಶ್ರಮ ನೋಡಿ ನನಗೇ ಹೆಮ್ಮೆ. ನ್ಯಾಯಾಧೀಶರು ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, "ಇದರಲ್ಲಿ ಯಾವ ಪುಟ ಓದಲಿ?" ಎಂದರು. ಹೊರಗೆ ಬಂದ ಮೇಲೆ ಪಾಟೀಲರು ಕೋಟು ತೊಡುತ್ತ, "ಅಕ್ಕಾರ, ನೀವು ಇಡೀ ದೇಶಾನ ಹೊತ್ತು ತಂದೀರಿ. ಅವರಿಗೆ ಒಂದು ಓಣಿ ಸಾಕಿತ್ತು" ಎಂದರು. ಅವತ್ತು ಬೇಜಾರಾಯಿತು. ಆಮೇಲೆ ಆ ಮಾತೇ ನನಗೆ ಕೆಲಸ ಕಲಿಸಿತು.

ಅಲ್ಲಿಂದ ಮುಂದೆ ನಾನು ಓಣಿ ಓಣಿ ಓದತೊಡಗಿದೆ. ದೊಡ್ಡ ಸಂಸ್ಥೆಗಳ ವರದಿಗಿಂತ ಆ ಊರಿನ ದಿನಪತ್ರಿಕೆಯೇ ಒಳ್ಳೆಯದು ಎಂದು ಗೊತ್ತಾಯಿತು. ಮೊದಲ ವರ್ಷಗಳಲ್ಲಿ ಪತ್ರಿಕೆಗಳು ಅಂಚೆಯಲ್ಲಿ ಕಟ್ಟಾಗಿ, ಮೂರು ವಾರ ತಡವಾಗಿ ಬರುತ್ತಿದ್ದವು. ನಂತರ ಫ್ಯಾಕ್ಸು, ಆಮೇಲೆ ಇಂಟರ್‌ನೆಟ್ಟು. ಕೊನೆಕೊನೆಗೆ ನನ್ನ ಜಾಗಕ್ಕೆ ತಯಾರಾಗುತ್ತಿದ್ದ ಅನಘಾ ಎಂಬ ಹುಡುಗಿ, ಪಕ್ಕದ ಊರಾದ ನೇಪರ್‌ವಿಲ್‌ನಲ್ಲೇ ಹುಟ್ಟಿ ಬೆಳೆದವಳು, ನನ್ನನ್ನು ನೋಡಿ ನಗುತ್ತಿದ್ದಳು. "ಆಂಟಿ, ಹೋಲ್ ಪೇಪರ್ ಯಾಕೆ ಓದ್ತೀರಾ? ಜಸ್ಟ್ ಕೀವರ್ಡ್ ಸರ್ಚ್ ಮಾಡಿ" ಎನ್ನುತ್ತಿದ್ದಳು. ಏನು ಹುಡುಕಬೇಕೆಂದು ಗೊತ್ತಿದ್ದರೆ ಅವಳ ದಾರಿಯೇ ಸರಿ. ನನಗೆ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ.

ಆ ಪತ್ರಿಕೆಗಳಲ್ಲಿ ಇಂಗ್ಲಿಷಿನದೊಂದನ್ನು ಆ ಹೊತ್ತಿಗೆ ನಾನು ಹನ್ನೊಂದು ವರ್ಷದಿಂದ ಬಿಡದೆ ಓದುತ್ತಿದ್ದೆ. ಯಾವ ದೇಶ ಎಂದು ಬರೆಯುವುದಿಲ್ಲ. ಆ ದೇಶದಲ್ಲಿ ಸಂಸತ್ತಿದೆ, ಪ್ರಧಾನಿ ಇದ್ದಾರೆ, ಚುನಾವಣೆಯೂ ನಡೆಯುತ್ತದೆ. ಆದರೆ ಸೇನೆಗೆ ಬೇಡವಾದದ್ದು ಅಲ್ಲಿ ನಡೆಯುವುದಿಲ್ಲ. ಪ್ರಧಾನಿ ಸೇತುವೆ ಉದ್ಘಾಟಿಸುವ ಫೋಟೋ ಬಂದರೆ ಅದರ ಅಂಚಿನಲ್ಲಿ ಒಂದು ಸಮವಸ್ತ್ರದ ತೋಳು ಇರುತ್ತಿತ್ತು. ಮುಖ ಇರುತ್ತಿರಲಿಲ್ಲ. ವಿರೋಧ ಪಕ್ಷವೂ ಕಾನೂನಿನ ಪ್ರಕಾರ ಇತ್ತು, ಪತ್ರಿಕೆಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಇದ್ದದ್ದು ಹೂವಿನ ಪ್ರದರ್ಶನ, ಫುಟ್‌ಬಾಲ್, ಮಳೆಯ ಮುನ್ಸೂಚನೆ, ಮದುವೆಗಳು. ನನ್ನ ಯಜಮಾನರು ಒಮ್ಮೆ ಅದನ್ನು ತಿರುವಿ ಹಾಕಿ, "ಎಷ್ಟು ನೆಮ್ಮದಿಯ ದೇಶ ಕಣೇ, ರಿಟೈರ್ ಆದ್ಮೇಲೆ ಅಲ್ಲಿಗೇ ಹೋಗಿ ಇದ್ಬಿಡೋಣ" ಎಂದಿದ್ದರು.

ಅರೋರಾದಿಂದ ಶಿಕಾಗೋಗೆ ರೈಲಿನಲ್ಲಿ ಒಂದು ಗಂಟೆಗೂ ಹೆಚ್ಚು. ಬೆಳಗಿನ ಬಿಸಿಲು ಕಿಟಕಿಯಿಂದ ತೊಡೆಯ ಮೇಲಿನ ಪತ್ರಿಕೆಗೆ ಬೀಳುತ್ತಿತ್ತು, ನನಗೆ ಜೋಂಪು ಹತ್ತುತ್ತಿತ್ತು. ಆ ಜೋಂಪಿನಲ್ಲಿ ನಾನು ಎಂದೂ ಕಾಣದ ಆ ಊರಿನಲ್ಲಿ ನಡೆದಾಡುತ್ತಿದ್ದೆ. ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿ, ಅದರ ಪಕ್ಕದ ಇಳಿಜಾರಿನಲ್ಲಿ ತರಕಾರಿ ಮಾರುಕಟ್ಟೆ, ಹಿಂದೆ ನದಿ. ಎಲ್ಲ ನಿಚ್ಚಳವಾಗಿರುತ್ತಿತ್ತು. ಜನ ಚೀಲ ಹಿಡಿದು ನನ್ನ ಪಕ್ಕದಲ್ಲೇ ಹೋಗುತ್ತಿದ್ದರು. ಒಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಲೈಲ್ ಸ್ಟೇಷನ್ ಬಂತೆಂದು ಕೂಗಿದಾಗ ಎಚ್ಚರವಾದರೆ, ಎದುರಿನ ಸೀಟಿನವರೂ ತಲೆಯೆತ್ತದೆ ಹಾಗೆಯೇ ಕೂತಿರುತ್ತಿದ್ದರು. ಸ್ವಲ್ಪ ಹೊತ್ತು ನಾನು ಯಾವ ಊರಿನಲ್ಲಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ.

ಆ ಊರಿನಿಂದಲೇ ತಾರಾ ಬಂದಳು. ಅದು ಅವಳ ನಿಜವಾದ ಹೆಸರಲ್ಲ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತದಂತೆ ಕೆಲವನ್ನು ಬದಲಿಸಿದ್ದೇನೆ. ಮೂವತ್ತನಾಲ್ಕು ವರ್ಷದ ಹೆಂಗಸು, ಇತಿಹಾಸದಲ್ಲಿ ಎಂ.ಎ., ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಡೆಟ್ರಾಯಿಟ್ ಹೊರವಲಯದ ಕ್ಯಾಂಟನ್‌ನಲ್ಲಿ ಪರಿಚಯದವರ ಬೇಸ್‌ಮೆಂಟಿನಲ್ಲಿ ಇದ್ದಳು. ಹಾಗಾಗಿ ಅವಳ ಮೊಕದ್ದಮೆ ಡೆಟ್ರಾಯಿಟಿನ ಕೋರ್ಟಿನಲ್ಲಿ. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಆದರೆ ಮೊದಲ ದಿನದಿಂದಲೇ ಆಂಟಿ ಎಂದಳು. ಅವಳ ಮಾತು ನನ್ನ ಕಿವಿಗೆ ಕನ್ನಡದ ಹಾಗೆಯೇ ಕೇಳುತ್ತಿತ್ತು, ಇಲ್ಲಿ ಹಾಗೆಯೇ ಬರೆದಿದ್ದೇನೆ.

ಅವಳ ಕಥೆ ಇಷ್ಟು. ವಿರೋಧ ಪಕ್ಷದ ಆ ಊರಿನ ಕಚೇರಿಗೆ ಬೀಗ ಬಿದ್ದು ಅದರ ಹನ್ನೊಂದು ಜನರನ್ನು ಹಿಡಿದುಕೊಂಡು ಹೋದರು. ಅವರು ಎಲ್ಲಿದ್ದಾರೆಂದು ಯಾರೂ ಹೇಳಲಿಲ್ಲ. ತಾರಾ ಪ್ರತಿ ಗುರುವಾರ ಸಂಜೆ ಕಾಲೇಜು ಮುಗಿಸಿ ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಆ ಹನ್ನೊಂದು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದಿ ಮುಗಿಸಿ ಮನೆಗೆ ಹೋಗುತ್ತಿದ್ದಳು. ಹದಿನಾಲ್ಕು ತಿಂಗಳು ಹೀಗೆ ಮಾಡಿದಳು.

"ಜನ ಏನಂತಿದ್ರು?" ಎಂದು ಕೇಳಿದೆ.

"ಏನೂ ಇಲ್ಲ ಆಂಟಿ. ಒಬ್ಬ ಮಾತ್ರ ಗಾಡಿಗೆ ಅಡ್ಡ ನಿಂತಿದೀಯ, ಸ್ವಲ್ಪ ಆ ಕಡೆ ನಿಂತ್ಕೋ ಅಂದ. ನಾನು ಆ ಕಡೆ ನಿಂತ್ಕೊಂಡೆ."

ಕೊನೆಗೊಂದು ಗುರುವಾರ ಸಾದಾ ಬಟ್ಟೆಯ ಇಬ್ಬರು ಬಂದು ಅವಳನ್ನು ಕರೆದುಕೊಂಡು ಹೋದರು. ಒಂಬತ್ತು ದಿನ ಇಟ್ಟುಕೊಂಡರು. ಅಲ್ಲಿ ಆದದ್ದನ್ನು ಅವಳು ನನಗೆ ಒಮ್ಮೆ ಹೇಳಿದಳು, ಪಾಟೀಲರಿಗೆ ಒಮ್ಮೆ ಹೇಳಿದಳು. ನಾನು ಇಲ್ಲಿ ಹೇಳುವುದಿಲ್ಲ. ಹತ್ತನೇ ದಿನ ಬಿಟ್ಟರು, ಕಾಗದ ಪತ್ರ ಏನೂ ಕೊಡಲಿಲ್ಲ. ಮುಂದಿನ ಸಲ ಬಿಡುವುದಿಲ್ಲ ಎಂದು ಹೇಳಿ ಕಳಿಸಿದರು. ಒಂದು ತಿಂಗಳೊಳಗೆ ಅವಳು ದೇಶ ಬಿಟ್ಟಳು. ಇಲ್ಲಿ ಸೋತರೆ ಅವಳನ್ನು ವಿಮಾನ ಹತ್ತಿಸಿ ಅದೇ ಜನರ ಕೈಗೆ ಕಳಿಸುತ್ತಾರೆ. ನಮ್ಮ ಎದುರಿಗಿದ್ದದ್ದು ಅಷ್ಟೇ, ಅದಕ್ಕಿಂತ ದೊಡ್ಡದು ಇನ್ನೇನಿರುತ್ತದೆ.

ನನ್ನ ಕೈಗೆ ಬಂದದ್ದು ಬಹಳ ಕಷ್ಟದ ಓಣಿ. ಬಂಧನಕ್ಕೆ ದಾಖಲೆ ಇಲ್ಲ, ಕೇಳಿದವರು ಇಲ್ಲ, ಸುದ್ದಿ ಇಲ್ಲ. ಆ ತಿಂಗಳುಗಳ ಪತ್ರಿಕೆಗಳನ್ನು ಮೊದಲಿನಿಂದ ಓದತೊಡಗಿದೆ. ಸ್ಕ್ಯಾನ್ ಮಾಡಿ ಹಾಕಿದ ಮಸುಕು ಪುಟಗಳು, ಅನಘಾಳ ಹುಡುಕಾಟಕ್ಕೆ ಅದರಲ್ಲಿ ಒಂದಕ್ಷರವೂ ಸಿಗುವುದಿಲ್ಲ. ಒಂದು ಮಧ್ಯಾಹ್ನ, ಹೊರಗೆ ಹಿಮ ಸಣ್ಣಗೆ ಉದುರುತ್ತಿದ್ದಾಗ, ಏಳನೇ ಪುಟದಲ್ಲಿ ಅವಳ ಹೆಸರು ಕಂಡಿತು. ಅದು ಸಾರ್ವಜನಿಕ ಪ್ರಕಟಣೆಗಳ ಪುಟ. ಕಳೆದುಹೋದ ಮಾರ್ಕ್ಸ್ ಕಾರ್ಡು, ಹೆಸರು ಬದಲಾವಣೆ, ಸೈಟಿನ ತಕರಾರು ಇಂಥವುಗಳ ನಡುವೆ ಮೂರು ಸಾಲು. 'ನನ್ನ ಹಿರಿಯ ಮಗಳು ತಾರಾ, ಎಂ.ಎ., ಮನೆಯವರ ಮಾತು ಮೀರಿ ಅನಪೇಕ್ಷಿತ ಕೂಟಗಳನ್ನು ಸೇರಿರುವುದರಿಂದ ಇಂದಿನಿಂದ ಅವಳಿಗೂ ನಮ್ಮ ಕುಟುಂಬಕ್ಕೂ ಯಾವುದೇ ಸಂಬಂಧ ಇರುವುದಿಲ್ಲ.' ಕೆಳಗೆ ಅವಳ ತಂದೆಯ ಹೆಸರು.

ಇಲ್ಲಿ ನಾನು ಮಾಡಿದ್ದು ಮೈಸೂರಿನ ಹೆಂಗಸು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಪತ್ರಿಕೆಗಳಲ್ಲೂ ಇಂಥ ಪ್ರಕಟಣೆಗಳು ಬರುತ್ತವೆ. ಮಗ ಕುಡಿದು ಸಾಲ ಮಾಡಿದ, ಮಗಳು ಹೇಳದೆ ಮದುವೆಯಾದಳು, ಇನ್ನು ನಮಗೂ ಅವರಿಗೂ ಸಂಬಂಧವಿಲ್ಲ ಎಂದು ತಂದೆ ಹಾಕಿಸುತ್ತಾನೆ. ಅಜ್ಜಿ ಅದನ್ನು ಓದಿ ತುಟಿ ಬಿಗಿದು ಪತ್ರಿಕೆ ಮಡಿಚಿಡುತ್ತಿದ್ದರು, ನಮಗೆ ಓದಲು ಕೊಡುತ್ತಿರಲಿಲ್ಲ. ನಾನೂ ಹಾಗೆಯೇ ಮಾಡಿದೆ. ಇದು ಮನೆಯೊಳಗಿನ ವಿಷಯ ಎಂದುಕೊಂಡೆ. ತಂದೆ ಹೀಗೆ ಬೀದಿಯಲ್ಲಿ ಕೈಬಿಟ್ಟದ್ದು ಈ ಹುಡುಗಿಗೆ ಗೊತ್ತಿಲ್ಲದಿದ್ದರೆ ನಾನೇಕೆ ತಿಳಿಸಲಿ, ಗೊತ್ತಿದ್ದರೆ ಕೋರ್ಟಿನಲ್ಲಿ ಯಾಕೆ ಓದಿಸಲಿ ಎನಿಸಿತು. ಪಾಟೀಲರಿಗೂ ಹೇಳದೆ ಆ ಪುಟವನ್ನು ನನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡೆ. ಮರ್ಯಾದೆ ಉಳಿಸಿದೆ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡೆ.

ಮೂರು ತಿಂಗಳ ನಂತರ ವಿಚಾರಣೆ. ಮಧ್ಯಾಹ್ನ ಒಂದಕ್ಕೆ ಎಂದರೆ ನಾವು ಬೆಳಗಾಗುವ ಮುಂಚೆ ಹೊರಡಬೇಕು, ಮಿಷಿಗನ್‌ಗೆ ಕಾಲಿಟ್ಟ ಕೂಡಲೇ ಗಡಿಯಾರ ಮುಂದಾಗಿ ಒಂದು ಗಂಟೆ ಕಳೆದುಹೋಗುತ್ತದೆ. ಪಾಟೀಲರು ಡ್ರೈವ್ ಮಾಡುತ್ತಿದ್ದರು. ಡೆಟ್ರಾಯಿಟಿನ ಆ ಕಟ್ಟಡದ ಪಡಸಾಲೆಯ ಕಿಟಕಿಯಿಂದ ನದಿ ಕಾಣುತ್ತದೆ, ನದಿಯ ಆಚೆ ದಡದಲ್ಲಿ ಇನ್ನೊಂದು ದೇಶ. ತಾರಾ ಅದನ್ನೇ ನೋಡುತ್ತ ನಿಂತಿದ್ದಳು. "ಇಷ್ಟು ಹತ್ತಿರನಾ?" ಎಂದಳು. ನೀರಿನ ಮೇಲೆ ಮಂಜುಗಡ್ಡೆಯ ಹಾಳೆಗಳು ನಿಧಾನವಾಗಿ ತೇಲುತ್ತಿದ್ದವು.

ಸರ್ಕಾರದ ವಕೀಲ ಚಿಕ್ಕ ವಯಸ್ಸಿನವನು, ಬಹಳ ಸಭ್ಯ. ದನಿ ಏರಿಸಲಿಲ್ಲ. "ಹದಿನಾಲ್ಕು ತಿಂಗಳಲ್ಲಿ ಎಷ್ಟು ಜನ ನಿಂತು ನಿಮ್ಮ ಮಾತು ಕೇಳಿದರು?" ಎಂದ.

"ಯಾರೂ ಇಲ್ಲ."

"ಒಬ್ಬರೂ ಇಲ್ಲವೇ?"

"ಒಬ್ಬರೂ ನಿಲ್ಲಲಿಲ್ಲ."

ಅವನು ಅದೇ ಪತ್ರಿಕೆಯ, ಅವಳನ್ನು ಹಿಡಿದ ವಾರದ ಮುಖಪುಟ ತೋರಿಸಿದ. ಹೂವಿನ ಪ್ರದರ್ಶನ, ನಗುವ ಮಕ್ಕಳು. "ಯಾರೂ ಕಿವಿಗೊಡದ ಒಬ್ಬ ಉಪಾಧ್ಯಾಯಿನಿಯನ್ನು ಒಂದು ಸರ್ಕಾರ ಯಾಕೆ ಹಿಡಿಯುತ್ತದೆ? ಅಲ್ಲಿಯ ಜನಕ್ಕೇ ಇದರ ಬಗ್ಗೆ ಆಸಕ್ತಿ ಇಲ್ಲವಲ್ಲ" ಎಂದ. ನ್ಯಾಯಾಧೀಶೆ ವಯಸ್ಸಾದ ಹೆಂಗಸು, ಪೆನ್ನಿನ ಕ್ಯಾಪ್ ಹಾಕಿ ಕೂತರು. ಅವರ ಮುಖ ನೋಡಿಯೇ ನಾವು ಸೋಲುತ್ತಿದ್ದೇವೆ ಎಂದು ನನಗೆ ಗೊತ್ತಾಯಿತು.

ಆಗ ಮೇಜಿನ ಮೇಲಿದ್ದ ಆ ಮುಖಪುಟದ ಕೆಳಮೂಲೆಯಲ್ಲಿ ಗೃಹ ಇಲಾಖೆಯ ಒಂದು ಎಚ್ಚರಿಕೆ ಕಣ್ಣಿಗೆ ಬಿತ್ತು. ಅನಪೇಕ್ಷಿತ ಕೂಟಗಳಲ್ಲಿ ಸೇರುವವರ ಕುಟುಂಬದವರೂ ಹೊಣೆಗಾರರಾಗುತ್ತಾರೆ ಎಂದಿತ್ತು. ಅನಪೇಕ್ಷಿತ ಕೂಟಗಳು! ಅದೇ ಮಾತು. ಏಳನೇ ಪುಟದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಓದಿರಲಿಲ್ಲ? ಎಷ್ಟು ತಂದೆಯರು, ಎಷ್ಟು ಅಣ್ಣಂದಿರು ಅದೇ ಮಾತು ಬರೆದಿರಲಿಲ್ಲ? ಹನ್ನೊಂದು ವರ್ಷ ಅವನ್ನೆಲ್ಲ ಕುಡುಕ ಮಕ್ಕಳ ವಿಷಯವೆಂದು ದಾಟಿಕೊಂಡು ಹೋಗಿದ್ದೆ. ಮೊದಲ ಪುಟದಲ್ಲಿ ಎಂದೂ ಕಾಣದ ವಿರೋಧ ಪಕ್ಷ ಏಳನೇ ಪುಟದಲ್ಲಿ ಹೆಸರು, ಡಿಗ್ರಿ ಸಮೇತ ಇತ್ತು.

ನ್ಯಾಯಾಧೀಶೆ, ಇನ್ನೇನಾದರೂ ದಾಖಲೆ ಇದ್ದರೆ ಕೊಡಿ ಎಂದು ಆರು ವಾರ ಗಡುವು ಕೊಟ್ಟರು. ಕೊಡುವುದು ಏನೂ ಇಲ್ಲವೆಂದು ಪಾಟೀಲರು ತಿಳಿದಿದ್ದರು. ವಾಪಸ್ಸು ಬರುವಾಗ ಇಂಡಿಯಾನಾ ಗಡಿ ದಾಟಿ ಕಾರಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದಾಗ ನಾನು ಹೇಳಿಬಿಟ್ಟೆ. ಅವರು ಮುಂದಿನ ಎಕ್ಸಿಟ್ ತೆಗೆದುಕೊಂಡು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದರು.

"ಮೂರು ತಿಂಗಳು ಇದನ್ನ ಇಟ್ಕೊಂಡು ಕುಂತಿದ್ರೇನ್ರಿ?"

"ಮನೆ ವಿಷಯ ಅಂದ್ಕೊಂಡೆ ಸರ್. ಹುಡುಗಿ ನೊಂದ್ಕೋತಾಳೆ ಅಂತ."

"ಆಕಿ ನೊಂದ್ಕೋತಾಳಂತ ಆಕಿನ್ನ ವಿಮಾನ ಹತ್ತಸೋದೇನ್ರಿ? ನನಗ ಒಂದು ಮಾತು ಹೇಳಬೇಕಿತ್ತಲ್ರೀ ಅಕ್ಕಾರ!" ಸ್ಟೀರಿಂಗ್ ಮೇಲೆ ಕೈ ಬಡಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ನಾನು ಅತ್ತೆ. ಅವರು ಒಳಗೆ ಹೋಗಿ ಎರಡು ಕಾಫಿ ತಂದರು, ನನ್ನದಕ್ಕೆ ಮೂರು ಸಕ್ಕರೆ ಹಾಕಿಸಿದ್ದರು. "ಕುಡೀರಿ. ನಾಳಿಂದ ಏಳನೇ ಪುಟ ಅಷ್ಟೂ ತಗೀರಿ" ಎಂದರು.

ನೀವು ಈ ಕೆಲಸಕ್ಕೆ ಬಂದರೆ ಇದೊಂದು ನೆನಪಿಡಿ. ಬೇರೆಯವರ ಮಾನ ಕಾಯುವ ಅಧಿಕಾರ ನಿಮಗಿಲ್ಲ. ಸಿಕ್ಕಿದ್ದನ್ನು ಸಂಬಂಧಪಟ್ಟವರ ಮುಂದೆ ಇಡಿ, ಏನು ಮಾಡಬೇಕೆಂದು ಅವರನ್ನೇ ಕೇಳಿ.

ಎರಡು ವಾರದಲ್ಲಿ ಒಂದು ದೊಡ್ಡ ಕಟ್ಟು ಸಿದ್ಧವಾಯಿತು. ಬೇರೆ ಬೇರೆ ತಂದೆಯರು, ಬೇರೆ ಬೇರೆ ಊರು, ಒಂದೇ ಮಾತು. ಇಂಥ ಎಚ್ಚರಿಕೆ ಬಂದಾಗಲೆಲ್ಲ ನಂತರದ ವಾರಗಳಲ್ಲಿ ಸಾಲುಸಾಲಾಗಿ ಬಂದಿದ್ದವು. ರೈಲಿನ ಜೋಂಪಿನಲ್ಲಿ ಈಗ ಆ ಮಾರುಕಟ್ಟೆ ಬೇರೆಯಾಗಿ ಕಾಣತೊಡಗಿತು. ಜನ ತಲೆಯೆತ್ತದೆ ಹೋಗುತ್ತಿದ್ದರು, ಆದರೆ ಪಕ್ಕದಲ್ಲಿ ಹೋದಾಗ ಅವರ ಉಸಿರು ಕೇಳುತ್ತಿತ್ತು.

ಕಟ್ಟು ತೆಗೆದುಕೊಂಡು ನಾನೊಬ್ಬಳೇ ಕ್ಯಾಂಟನ್‌ಗೆ ಹೋದೆ. ತಾರಾ ಬೇಸ್‌ಮೆಂಟಿನ ಸಣ್ಣ ಒಲೆಯಲ್ಲಿ ಟೀ ಮಾಡಿಕೊಟ್ಟಳು. ಅವಳ ತಂದೆಯ ಪ್ರಕಟಣೆಯನ್ನು ಮುಂದಿಟ್ಟೆ. ಎರಡು ಸಲ ಓದಿದಳು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಇದನ್ನ ಕೋರ್ಟಿಗೆ ಹಾಕ್ಬೇಡಿ ಆಂಟಿ."

"ಅಲ್ಲಿ ಹೇಳಿದ್ದು ಹೊರಗೆ ಹೋಗಲ್ಲ ಕಣಮ್ಮ. ನಿಮ್ಮ ತಂದೇನ ಯಾರೂ ತಪ್ಪು ತಿಳ್ಕೊಳಲ್ಲ. ಹೆದರಿದಾಗ ಮನುಷ್ಯ ಏನು ಬೇಕಾದ್ರೂ ಬರೀತಾನೆ."

ಅವಳು ನನ್ನನ್ನೇ ನೋಡಿದಳು. "ನೀವು ನಮ್ಮಪ್ಪನ್ನ ಕ್ಷಮಿಸ್ತಾ ಇದೀರಾ?" ಎಂದು ಕೇಳಿ ಒಂದು ಥರ ನಕ್ಕಳು. ನನಗೆ ಅರ್ಥವಾಗಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಹಾಕಿ ಆಂಟಿ. ಬೇರೆ ದಾರಿ ಇಲ್ಲ ಅಲ್ವಾ" ಎಂದಳು.

ಎರಡನೇ ವಿಚಾರಣೆಯ ದಿನ ಹಿಮ ಕರಗಿತ್ತು. ನ್ಯಾಯಾಧೀಶೆ ಕಟ್ಟನ್ನೆಲ್ಲ ಓದಿಕೊಂಡೇ ಬಂದಿದ್ದರು. ಸರ್ಕಾರದ ವಕೀಲ ಇದು ಕೌಟುಂಬಿಕ ಜಗಳವಿರಬಹುದೆಂದ. ಪಾಟೀಲರು ಎದ್ದು ಇಲಾಖೆಯ ಎಚ್ಚರಿಕೆಯನ್ನೂ ಪ್ರಕಟಣೆಗಳ ಮಾತನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಎಲ್ಲ ನಮ್ಮ ಕಡೆ ವಾಲುತ್ತಿತ್ತು. ಆಗ ನ್ಯಾಯಾಧೀಶೆ ತಾರಾಳ ಕಡೆ ತಿರುಗಿ ಮೆತ್ತಗೆ, "ನಿಮ್ಮ ತಂದೆ ಇದನ್ನು ಬರೆದಿದ್ದಾರೆಂದು ಗೊತ್ತಾದಾಗ ನಿಮಗೆ ಏನನ್ನಿಸಿತು?" ಎಂದು ಕೇಳಿದರು. ಅವಳು ಹೌದು, ನೋವಾಯಿತು ಎಂದಿದ್ದರೆ ಸಾಕಿತ್ತು.

"ಅವರು ಬರೆಯಲಿಲ್ಲ," ಎಂದಳು ತಾರಾ. "ನಾನೇ ಬರೆದೆ."

ಪಾಟೀಲರ ಪೆನ್ನು ನಿಂತಿತು. ಸರ್ಕಾರದ ವಕೀಲ ಎದ್ದು ನಿಂತ. "ಹಾಗಾದರೆ ಈ ದಾಖಲೆಯನ್ನು ಅರ್ಜಿದಾರಳೇ ಸೃಷ್ಟಿಸಿದ್ದಾಳೆ," ಎಂದ. ಅವನ ತಪ್ಪೇನಿಲ್ಲ, ಯಾವ ವಕೀಲನಾದರೂ ಹಾಗೆಯೇ ಹೇಳುತ್ತಿದ್ದ. ಎಲ್ಲ ಮುಗಿಯಿತು ಎಂದುಕೊಂಡೆ. ಈ ಪ್ರಕಟಣೆಯನ್ನು ಹುಡುಕಿದವಳು ನಾನು, ಮುಚ್ಚಿಟ್ಟವಳು ನಾನು, ಕೊನೆಗೆ ಹಾಕಿಸಿದವಳೂ ನಾನು.

ನ್ಯಾಯಾಧೀಶೆ ಅವನಿಗೆ ಕೂರಲು ಹೇಳಿ, ವಿವರಿಸಿ ಎಂದರು. ತಾರಾ ನಿಧಾನವಾಗಿ ಹೇಳಿದಳು. "ಆ ಒಂಬತ್ತು ದಿನ ಅವರು ನನ್ನನ್ನ ಪಕ್ಷದ ಬಗ್ಗೆ ಕೇಳಿದ್ದು ಕಮ್ಮಿ. ತಂಗಿ ಯಾವ ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡ್ತಾಳೆ, ಅಪ್ಪನಿಗೆ ಪೆನ್ಷನ್ ಎಲ್ಲಿಂದ ಬರುತ್ತೆ, ಅದನ್ನೇ ಕೇಳ್ತಿದ್ರು. ಮನೆಗೆ ಬಂದ ಮೇಲೆ ಅಪ್ಪನಿಗೆ ಪ್ರಕಟಣೆ ಹಾಕಿಸಿ ಅಂದೆ. ಎಲ್ಲರೂ ಹಾಕಿಸ್ತಿದ್ರು. ಅಪ್ಪ ಜೀವಮಾನದಲ್ಲಿ ರಾಜಕೀಯ ಮಾತಾಡಿದವರಲ್ಲ, ಅದು ನಮಗಲ್ಲಮ್ಮ ಅನ್ನೋರು. ಆದ್ರೆ ಇದನ್ನ ಮಾಡಲ್ಲ ಅಂದ್ರು. ಎರಡು ವಾರ ಮನೇಲಿ ಮಾತಿಲ್ಲ. ಕೊನೆಗೆ ನಾನೇ ಬೇರೆಯವರದನ್ನ ನೋಡಿ ಬರೆದು ಮುಂದಿಟ್ಟೆ. ಓದದೆ ಸಹಿ ಮಾಡಿದ್ರು. ಆಮೇಲೆ ಕಾಗದ ವಾಪಸ್ ತಗೊಂಡು ನನ್ನ ಹೆಸರಿನ ಮುಂದೆ ಎಂ.ಎ. ಅಂತ ಸೇರಿಸಿದ್ರು."

"ಇದನ್ನು ನಿಮ್ಮ ವಕೀಲರಿಗೆ ಯಾಕೆ ಹೇಳಲಿಲ್ಲ?"

"ನಾನು ಬರೆದೆ ಅಂದ್ರೆ ಕಾಗದ ಸುಳ್ಳು ಅಂತೀರಿ. ಅಪ್ಪ ಬರೆದ್ರು ಅಂದ್ರೆ ನಮ್ಮಪ್ಪ ಮಗಳನ್ನ ಬಿಟ್ಟವರಾಗ್ತಾರೆ. ನಾನು ಗೆಲ್ಲೋದಕ್ಕೋಸ್ಕರ ಅವರು ಹಾಗಾಗೋದು ನನಗೆ ಬೇಡ."

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. ಸ್ವಲ್ಪ ಹೊತ್ತು ಒಳಗೆ ಹೋಗಿ ಬಂದು ತೀರ್ಪು ಓದಿದರು. ತಮ್ಮ ಮಾತು ಕೇಳಲು ದೊಡ್ಡ ಗುಂಪೇ ಸೇರಿತ್ತೆಂದು ಹೇಳಿಕೊಳ್ಳುವ ಅರ್ಜಿದಾರರನ್ನು ನೋಡಿದ್ದೇನೆ, ಈಕೆ ಯಾರೂ ನಿಲ್ಲಲಿಲ್ಲ ಎಂದಳು, ತನ್ನ ಪರವಾಗಿದ್ದ ಒಂದೇ ಕಾಗದವನ್ನೂ ತಾನೇ ಕೆಡಿಸಿಕೊಂಡಳು, ಈಕೆಯನ್ನು ನಾನು ನಂಬುತ್ತೇನೆ ಎಂದರು. ಆಶ್ರಯ ಸಿಕ್ಕಿತು. ಸರ್ಕಾರದ ವಕೀಲ ಮೇಲ್ಮನವಿ ಇಲ್ಲ ಎಂದು ಹೇಳಿ, ಹೋಗುವಾಗ ತಾರಾಳಿಗೆ ಬಾಗಿಲು ಹಿಡಿದುಕೊಂಡು ನಿಂತ. ಪಾಟೀಲರು ಪಡಸಾಲೆಯಲ್ಲಿ ಜೋರಾಗಿ ಮೂಗು ಸೀಟಿಕೊಂಡರು. ತಾರಾ ಮಾತ್ರ ನಗಲಿಲ್ಲ. "ಆ ಪ್ರಕಟಣೆ ಇನ್ನೂ ಇದೆ ಅಲ್ವಾ ಆಂಟಿ," ಎಂದಳು. "ಗೆದ್ರೂ ಅದು ಅಲ್ಲೇ ಇರುತ್ತೆ."

ತಾರಾ ಆಮೇಲೆ ನಮ್ಮ ಮನೆಗೆ ಹತ್ತಿರದ ಬೋಲಿಂಗ್‌ಬ್ರೂಕ್‌ಗೆ ಬಂದಳು. ಮೊದಲು ವೇರ್‌ಹೌಸಿನಲ್ಲಿ ಪ್ಯಾಕಿಂಗ್, ಈಗ ಅಲ್ಲೇ ಸೂಪರ್‌ವೈಸರ್. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮನೆಗೆ ಮಾತ್ರ ಫೋನ್ ಮಾಡುವುದಿಲ್ಲ, ಅವರೂ ಮಾಡುವುದಿಲ್ಲ. ಯಾರ ಯಾರ ಬಾಯಿಂದಲೋ ಸುತ್ತಿ ಸುತ್ತಿ ಒಂದಿಷ್ಟು ತಿಳಿಯುತ್ತದೆ. ತಂಗಿ ಶಾಲೆಯ ಕೆಲಸ ಬಿಟ್ಟು ಮನೆಯಲ್ಲೇ ಹೊಲಿಗೆ ಕಲಿಸುತ್ತಾಳೆ ಎಂದು ಹಾಗೆಯೇ ತಿಳಿದದ್ದು.

ನಿವೃತ್ತಿಯಾದ ಮೇಲೂ ನಾನು ಆ ಪತ್ರಿಕೆ ಓದುವುದು ಬಿಟ್ಟಿಲ್ಲ. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಡೆಕ್ ಮೇಲೆ ಕೂತು ಕಾಫಿ ಕುಡಿಯುತ್ತ ಏಳನೇ ಪುಟಕ್ಕೆ ಬಂದೆ. ಕಳೆದುಹೋದ ಮಾರ್ಕ್ಸ್ ಕಾರ್ಡು, ಮಾರಾಟಕ್ಕಿರುವ ಹೊಲಿಗೆ ಯಂತ್ರ, ಅವೆರಡರ ನಡುವೆ ಮೂರು ಸಾಲು. 'ನನ್ನ ಹಿರಿಯ ಮಗಳು ತಾರಾ, ಎಂ.ಎ., ಇವಳ ಬಗ್ಗೆ ಹಿಂದೆ ನನ್ನ ಹೆಸರಿನಲ್ಲಿ ಬಂದಿದ್ದ ಪ್ರಕಟಣೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಅವಳು ನನ್ನ ಮಗಳು.' ಕೆಳಗೆ ತಂದೆಯ ಹೆಸರು, ಅದರ ಕೆಳಗೆ ತಂಗಿಯದು. ಆ ದೇಶದಲ್ಲಿ ಆ ಸಮವಸ್ತ್ರದ ತೋಳು ಇನ್ನೂ ಫೋಟೋದ ಅಂಚಿನಲ್ಲಿದೆ. ಅಂಥ ಪ್ರಕಟಣೆಯನ್ನು ನಾನು ಅಲ್ಲಿ ಎಂದೂ ಓದಿರಲಿಲ್ಲ.

ಈ ಸಲ ಮುಚ್ಚಿಡಲಿಲ್ಲ. ತಕ್ಷಣ ತಾರಾಳಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳು ವೇರ್‌ಹೌಸಿನ ಪಾರ್ಕಿಂಗ್ ಲಾಟಿನಲ್ಲಿದ್ದಳು, ಹಿಂದೆ ಟ್ರಕ್ಕುಗಳ ಸದ್ದು. ಇನ್ನೊಮ್ಮೆ ಓದಿ ಎಂದಳು, ಓದಿದೆ. ಅವಳು ಅಳುವುದು ಕೇಳಿಸಿತು. ನನಗೆ ಖುಷಿಗಿಂತ ಭಯವೇ ಹೆಚ್ಚಾಗಿತ್ತು, ಅದನ್ನೂ ಹೇಳಿದೆ.

"ತಾರಾ, ಇದನ್ನ ಕೌಂಟರಲ್ಲಿ ತಗೊಂಡವನು ಓದಿರ್ತಾನೆ. ಟೈಪ್ ಮಾಡಿದವರು ಓದಿರ್ತಾರೆ. ತಿದ್ದಿದವರು, ಪುಟ ಕಟ್ಟಿದವರು, ಎಲ್ಲರೂ ಓದಿರ್ತಾರೆ. ಅಷ್ಟು ಜನದಲ್ಲಿ ಒಬ್ಬರಿಗೂ ಗೊತ್ತಾಗಲಿಲ್ವಾ? ಒಬ್ಬರೂ ತಡೀಲಿಲ್ವಾ?"

ಅವಳು ಮೂಗು ಒರೆಸಿಕೊಂಡಳು. ಅವಳ ದನಿಯಲ್ಲಿ ಅಳುವಿನ ಜೊತೆ ಬೇರೇನೋ ಇತ್ತು. ಅಷ್ಟು ವರ್ಷಗಳಲ್ಲಿ ತನ್ನ ಊರಿನ ಬಗ್ಗೆ ಅವಳು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಮ್ಮೂರಿನ ಜನ ಯಾವುದನ್ನೂ ಗಮನಿಸಲ್ಲ ಆಂಟಿ," ಎಂದಳು. "ನಿಮಗೆ ಗೊತ್ತಲ್ಲ."